ಸ್ಪೋರ್ಟ್ಸ್ ಬೈಕಿಗೆ ಎಂಥ ಟೈರು ಹಾಕಿಸಬೇಕು?

ನಮ್ಮೂರಲ್ಲಿ ಈಗ ಮೂರು ಸ್ಪೋರ್ಟ್ಸ್ ಬೈಕುಗಳಿವೆ. ಎರಡು ಯಮಹಾ ಆರ್15, ಒಂದು ಕೆಟಿಎಂ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಂದು ನಿಂತರೆ ಸಾಕು, ನಮ್ಮ ಕ್ಲಾಸಿನ ಅರ್ಧ ಹುಡುಗರು ಅದರ ಸುತ್ತ ಇರುತ್ತೇವೆ. ಎಷ್ಟು ಸಿಸಿ, ಎಷ್ಟು ಸ್ಪೀಡು, ಎಷ್ಟು ಮೈಲೇಜು ಅಂತೆಲ್ಲ ಕೇಳುತ್ತೇವೆ. ಟೈರಿನ ವಿಷಯ ಯಾರೂ ಕೇಳುವುದಿಲ್ಲ. ಬಹಳ ಅಂದರೆ "ಹಿಂದಿನ ಟೈರು ಎಷ್ಟು ದಪ್ಪ ಇದೆ ನೋಡೋ" ಅನ್ನುತ್ತೇವೆ. ಆದರೆ ಇಂಜಿನ್ನಿನ ಶಕ್ತಿ, ಬ್ರೇಕಿನ ಶಕ್ತಿ, ಓಡಿಸುವವನ ಧೈರ್ಯ ಇವೆಲ್ಲ ಕೊನೆಗೆ ನೆಲ ಮುಟ್ಟುವುದು ಟೈರಿನ ಮೂಲಕವೇ. ನಮಗೆ ಲೈಸೆನ್ಸ್ ಸಿಗುವುದಕ್ಕೆ ಇನ್ನೂ ವಯಸ್ಸಾಗಬೇಕು, ನಿಜ. ಆದರೆ ಅಣ್ಣಂದಿರು, ಮಾವಂದಿರು ಓಡಿಸುತ್ತಾರೆ, ನಾವು ಹಿಂದೆ ಕೂರುತ್ತೇವೆ. ಬೈಕು ಬಿದ್ದರೆ ಹಿಂದೆ ಕೂತವನೂ ಬೀಳುತ್ತಾನೆ. ಹೋದ ಮಳೆಗಾಲದಲ್ಲಿ ಮೇಲಿನ ಕೇರಿಯ ಒಬ್ಬ ಅಣ್ಣ ಮೋರಿ ಹತ್ತಿರದ ತಿರುವಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡದ್ದು ನಿಮಗೆಲ್ಲ ಗೊತ್ತು. ಆ ಬೈಕಿನ ಮುಂದಿನ ಟೈರನ್ನು ಆಮೇಲೆ ಹೋಗಿ ನೋಡಿದೆವು. ಬೋಳಾಗಿತ್ತು.

ಮೊದಲು ಒಂದು ಲೆಕ್ಕ ಮಾಡೋಣ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ವಿಜ್ಞಾನದಲ್ಲಿ ಓದಿದ್ದೇವೆ. ಆರ್15 ಬೈಕು ಪೆಟ್ರೋಲ್ ಸೇರಿ ಸುಮಾರು 140 ಕಿಲೋ ತೂಗುತ್ತದೆ. ಮೇಲೆ 60 ಕಿಲೋದ ಒಬ್ಬ ಸವಾರ. ಒಟ್ಟು 200. ಎರಡು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ 100 ಕಿಲೋ. ಟೈರಿನಲ್ಲಿ ಗಾಳಿ 30 ಇದೆ ಎನ್ನಿ. 30 ಅಂದರೆ ಒಂದು ಚದರ ಅಂಗುಲಕ್ಕೆ 30 ಪೌಂಡ್. ನಮ್ಮ ಅಳತೆಗೆ ತಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಭಾರ. ಈಗ 100ನ್ನು 2.1ರಿಂದ ಭಾಗಿಸಿ. ಹತ್ತಿರ ಹತ್ತಿರ 48 ಚದರ ಸೆಂಟಿಮೀಟರ್ ಬರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ 7 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಚೌಕ ಬರೆದು ನೋಡಿ. ಒಂದು ಅಂಗೈಗಿಂತ ಚಿಕ್ಕದು. ಒಂದು ಟೈರು ನೆಲಕ್ಕೆ ತಾಗುವುದು ಅಷ್ಟೇ ಜಾಗ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುತ್ತದಾದ್ದರಿಂದ ಈ ಲೆಕ್ಕ ಪೂರಾ ಕರಾರುವಾಕ್ಕಲ್ಲ, ಅಂದಾಜು. ಆದರೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಮನುಷ್ಯನ ಜೀವ ಇಂಥ ಎರಡು ಚೌಕದ ಮೇಲೆ ನಿಂತಿರುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ, ಗಮನಿಸಿದಿರಾ? ಟೈರಿನ ಅಗಲ ಎಲ್ಲಿಯೂ ಬರಲೇ ಇಲ್ಲ. ಭಾರ ಅಷ್ಟೇ, ಗಾಳಿ ಅಷ್ಟೇ ಇದ್ದರೆ ಟೈರು ದಪ್ಪ ಮಾಡಿದರೂ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಕಾರ ಮಾತ್ರ ಬದಲಾಗುತ್ತದೆ: ಸಪೂರ ಟೈರಿನದು ಉದ್ದುದ್ದ, ದಪ್ಪ ಟೈರಿನದು ಅಡ್ಡಡ್ಡ. ಹಾಗಾದರೆ ದೊಡ್ಡ ಬೈಕುಗಳಿಗೆ ದಪ್ಪ ಟೈರು ಯಾಕೆ? ದೊಡ್ಡ ಇಂಜಿನ್ ಟೈರನ್ನು ಬಹಳ ತಿಕ್ಕುತ್ತದೆ, ಕಾಯಿಸುತ್ತದೆ. ಆ ಕಾವನ್ನೂ ಸವೆತವನ್ನೂ ತಾಳಿಕೊಳ್ಳಲು ಹೆಚ್ಚು ರಬ್ಬರು ಬೇಕು, ವಾಲಿದಾಗ ಅಂಚಿನಲ್ಲಿ ಒರಗಲು ಜಾಗವೂ ಬೇಕು. 150 ಸಿಸಿ ಬೈಕಿಗೆ ಅಷ್ಟೆಲ್ಲ ಬೇಕಿಲ್ಲ.

ದೊಡ್ಡಪ್ಪನ ಮಗ ನನ್ನ ಅಣ್ಣ ಒಂದು ಹಳೇ ಆರ್15 ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದಾನೆ. 2008ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲನೇ ಮಾದರಿ ಅದು. ಅದಕ್ಕೆ ಕಂಪನಿ ಕೊಟ್ಟದ್ದು ಮುಂದೆ 80/90-17, ಹಿಂದೆ 100/80-17. ನೋಡುವುದಕ್ಕೆ ಸಪೂರ. ಅಡಿಕೆ ಸುಲಿದ ದುಡ್ಡು ಬಂದ ಕೂಡಲೇ ಹಿಂದೆ 130ರ ಟೈರು ಹಾಕಿಸುತ್ತೇನೆ ಅಂತ ಹೊರಟಿದ್ದ. ಪೇಟೆಯ ಒಂದು ಅಂಗಡಿಯವರು "ಹಾಕಿಕೊಡ್ತೇವೆ, ಏನೂ ಆಗಲ್ಲ" ಅಂದಿದ್ದರು. ನಮ್ಮೂರ ಪಂಕ್ಚರ್ ಅಂಗಡಿಯ ಅಣ್ಣ ಮಾತ್ರ ಬೇಡ ಅಂದರು. ಯಾಕೆ ಅಂತ ಅವರು ರಿಮ್ಮು ಬಿಚ್ಚಿ ತೋರಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

130/70ರ ಟೈರಿಗೆ ಸರಿಯಾದ ರಿಮ್ಮು ಮೂರೂವರೆ ಅಂಗುಲ ಅಗಲದ್ದು. 100ರ ಟೈರಿನ ರಿಮ್ಮು ಅದಕ್ಕಿಂತ ಬಹಳ ಕಿರಿದು. ಕಿರಿದಾದ ರಿಮ್ಮಿಗೆ ದಪ್ಪ ಟೈರು ಹಾಕಿದರೆ ಅದರ ಎರಡೂ ಅಂಚನ್ನು ಹಿಡಿದು ಒಳಗೆ ಒತ್ತಿದ ಹಾಗಾಗುತ್ತದೆ. ನಿಮ್ಮ ಅಂಗೈಯನ್ನು ಸ್ವಲ್ಪ ಬಗ್ಗಿಸಿ ಕಮಾನಿನ ಹಾಗೆ ಹಿಡಿಯಿರಿ; ಈಗ ಇನ್ನೊಂದು ಕೈಯಿಂದ ಎರಡೂ ಬದಿ ಒತ್ತಿ. ನಡುವೆ ಉಬ್ಬಿ ಚೂಪಾಯಿತಲ್ಲ? ಟೈರೂ ಹಾಗೇ ಆಗುತ್ತದೆ. ನೆಟ್ಟಗೆ ಹೋಗುವಾಗ ನಡುವಿನ ಪಟ್ಟಿ ಮಾತ್ರ ಸವೆಯುತ್ತದೆ. ವಾಲಿಸಿದಾಗ ಬೈಕು ನಿಧಾನಕ್ಕೆ ವಾಲದೆ ಒಮ್ಮೆಲೇ ಪಕ್ಕಕ್ಕೆ ಬೀಳುವ ಹಾಗೆ ಹೋಗುತ್ತದೆ. ಇದರ ಜೊತೆ ಎತ್ತರದ ಲೆಕ್ಕವೂ ಇದೆ. ಅದಕ್ಕೆ ಟೈರಿನ ಮೇಲಿನ ಅಂಕಿ ಓದುವುದು ತಿಳಿದಿರಬೇಕು.

ಊರಿನ ಇನ್ನೊಂದು ಆರ್15 ಹೊಸ ಮಾದರಿಯದು. ಅದರ ಹಿಂದಿನ ಟೈರಿನ ಮೇಲೆ 140/70 ಆರ್17 66ಎಚ್ ಎಂದಿದೆ. 140 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಎಂಬುದು ಮಿಲಿಮೀಟರ್ ಅಲ್ಲ, ಶೇಕಡಾವಾರು! ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ 70 ಎಂದರ್ಥ. 140ರಲ್ಲಿ ಶೇಕಡಾ 70 ಎಂದರೆ 98 ಮಿಲಿಮೀಟರ್. 17 ಎಂದರೆ ರಿಮ್ಮಿನ ವ್ಯಾಸ, ಇದು ಅಂಗುಲದಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಕಲಸಿದ ಪುಣ್ಯಾತ್ಮ ಯಾರೋ! ನಮ್ಮ ಗಣಿತ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಕೊಡುತ್ತಾರೆ.

ಈಗ ಪೂರಾ ಚಕ್ರದ ವ್ಯಾಸ ತೆಗೆಯಬಹುದು. 17 ಅಂಗುಲವನ್ನು 25.4ರಿಂದ ಗುಣಿಸಿದರೆ 431.8 ಮಿಲಿಮೀಟರ್. ಅದಕ್ಕೆ ಮೇಲಿನ ಗೋಡೆ, ಕೆಳಗಿನ ಗೋಡೆ ಎರಡನ್ನೂ ಸೇರಿಸಬೇಕು. ಅಣ್ಣನ ಹಳೇ 100/80ರ ಗೋಡೆ 80 ಮಿಲಿಮೀಟರ್, ಎರಡು ಸೇರಿ 160. ಒಟ್ಟು 591.8. ಅವನು ಹಾಕಿಸಹೊರಟ 130/70ರ ಗೋಡೆ 91, ಎರಡು ಸೇರಿ 182. ಒಟ್ಟು 613.8. ವ್ಯಾಸ 22 ಮಿಲಿಮೀಟರ್ ಜಾಸ್ತಿ ಆಯಿತು. ಅಂದರೆ ಬೈಕಿನ ಹಿಂಭಾಗ 11 ಮಿಲಿಮೀಟರ್ ಮೇಲೆದ್ದಿತು, ಪಕ್ಕದಲ್ಲಿ ಚೈನಿಗೂ ಮೇಲೆ ಮಡ್‌ಗಾರ್ಡಿಗೂ ಟೈರು ಅಷ್ಟು ಹತ್ತಿರ ಬಂತು. ಇಬ್ಬರು ಕೂತು ಗುಂಡಿಗೆ ಇಳಿಸಿದರೆ ತಾಗುತ್ತದೆ. ಚಕ್ರ ಭಾರವಾದ್ದರಿಂದ ಎಳೆತ ಕಮ್ಮಿ, ಮೈಲೇಜೂ ಕಮ್ಮಿ. ದುಡ್ಡು ಕೊಟ್ಟು ಇದನ್ನೆಲ್ಲ ತಂದುಕೊಂಡ ಹಾಗೆ.

"2011ರಲ್ಲಿ ಕಂಪನಿಯೇ ಆರ್15ಕ್ಕೆ 130ರ ಟೈರು ಕೊಡ್ತಲ್ಲ?" ಅಂತ ಅಣ್ಣ ವಾದ ಮಾಡಿದ. ಕೊಟ್ಟಿತು, ನಿಜ. ಆದರೆ ಟೈರೊಂದನ್ನೇ ಬದಲಿಸಲಿಲ್ಲ. ರಿಮ್ಮು ಅಗಲ ಮಾಡಿತು, ಚಕ್ರ ಹಿಡಿಯುವ ಸ್ವಿಂಗ್‌ಆರ್ಮನ್ನೂ ಬೇರೆಯದೇ ಕೊಟ್ಟಿತು. ಎತ್ತಿನ ನೊಗ ಬದಲಿಸದೆ ಎತ್ತು ಮಾತ್ರ ದೊಡ್ಡದು ಕಟ್ಟಿದರೆ ಆಗುತ್ತದೆಯೇ? ಕೊನೆಗೆ ಅಣ್ಣ 100/80ರದ್ದೇ ಹೊಸ ಟೈರು, ಒಳ್ಳೇ ಕಂಪನಿಯದು ಹಾಕಿಸಿದ. ಉಳಿದ ದುಡ್ಡಿನಲ್ಲಿ ಮುಂದಿನದನ್ನೂ ಬದಲಿಸಿದ.

ಇನ್ನು 66ಎಚ್ ಎಂಬುದು. 66 ಎಂದರೆ 66 ಕಿಲೋ ಅಲ್ಲ, ಅದೊಂದು ಸಂಕೇತ. 66ಕ್ಕೆ 300 ಕಿಲೋ ಹೊರುವ ಶಕ್ತಿ ಎಂದು ಅರ್ಥ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ ಎಂದು. ಅದೇ ಬೈಕಿನ ಮುಂದಿನ ಟೈರಿನಲ್ಲಿ 52ಪಿ ಎಂದಿದೆ: 200 ಕಿಲೋ, 150 ಕಿಲೋಮೀಟರ್. ಟೈರು ಬದಲಿಸುವಾಗ ಈ ಎರಡೂ ಮೊದಲಿದ್ದಷ್ಟೇ ಇರಬೇಕು, ಅಥವಾ ಹೆಚ್ಚಿರಬೇಕು. ಕಮ್ಮಿ ಇರಬಾರದು. ಎಚ್ ಇದೆ ಅಂತ 210ರಲ್ಲಿ ಓಡಿಸಿ ಎಂದು ಕಂಪನಿ ಹೇಳಿದ್ದಲ್ಲ. ನಮ್ಮೂರ ರಸ್ತೆಯಲ್ಲಿ 60ಕ್ಕೆ ಹೋದರೇ ಕೋಳಿ ಅಡ್ಡ ಬರುತ್ತದೆ.

ನಡುವಿನ ಆರ್ ಅಕ್ಷರ ರೇಡಿಯಲ್ ಎಂಬುದಕ್ಕೆ. ಟೈರಿನ ರಬ್ಬರಿನೊಳಗೆ ನೂಲಿನ ಪದರ ಇರುತ್ತದೆ. ಹಳೇ ಕ್ರಮದಲ್ಲಿ ಆ ನೂಲು ಓರೆಯಾಗಿ, ಒಂದರ ಮೇಲೊಂದು ಅಡ್ಡ ಹಾಯುವಂತೆ ಚಾಪೆ ಹೆಣೆದ ಹಾಗೆ ಇರುತ್ತದೆ. ಇದಕ್ಕೆ ಬಯಾಸ್ ಎನ್ನುತ್ತಾರೆ. ಸ್ಪ್ಲೆಂಡರ್‌ನಂಥ ಬೈಕುಗಳಲ್ಲಿ ಇರುವುದು ಇದೇ. ಗೋಡೆ ಗಟ್ಟಿ, ಭಾರ ತಡೆಯುತ್ತದೆ, ಗುಂಡಿ ತಡೆಯುತ್ತದೆ. ರೇಡಿಯಲ್ ಟೈರಿನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತದೆ, ಅದರ ಮೇಲೆ ಸುತ್ತಲೂ ಪಟ್ಟಿ ಕಟ್ಟಿರುತ್ತಾರೆ. ಗೋಡೆ ಮೆದು, ನೆಲಕ್ಕೆ ಚೆನ್ನಾಗಿ ಕೂರುತ್ತದೆ, ವೇಗದಲ್ಲಿ ಕಾವು ಕಮ್ಮಿ. ಆರ್15ರಲ್ಲಿ ಹಿಂದೆ ರೇಡಿಯಲ್, ಮುಂದೆ ಬಯಾಸ್ ಬರುತ್ತದೆ. ಕಂಪನಿ ಹಾಗೆ ಕೊಟ್ಟಿದ್ದರೆ ಹಾಗೇ ಇರಲಿ. ಉಲ್ಟಾ ಮಾಡಬೇಡಿ.

ಈಗ ಎಲ್ಲರೂ ಜಗಳ ಆಡುವ ವಿಷಯಕ್ಕೆ ಬರುತ್ತೇನೆ: ಗ್ರಿಪ್ಪು. ಟೈರಿನ ಮೇಲಿನ ಗೀರುಗಳನ್ನು ನಾವು ಗ್ರಿಪ್ಪು ಅನ್ನುತ್ತೇವೆ. ಗೀರು ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ ಎಂದು ನಂಬಿದ್ದೇವೆ. ಒಣಗಿದ ಡಾಂಬರಿನ ಮೇಲೆ ಇದು ತಪ್ಪು. ಒಣ ರಸ್ತೆಯಲ್ಲಿ ಹಿಡಿಯುವುದು ರಬ್ಬರು, ಗೀರಲ್ಲ. ಗೀರು ಇರುವಲ್ಲಿ ರಬ್ಬರು ಇರುವುದಿಲ್ಲ! 2023ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹತ್ತಿರದ ಬುದ್ಧ ಸರ್ಕ್ಯೂಟಿನಲ್ಲಿ ಮೋಟೋಜಿಪಿ ರೇಸು ನಡೆಯಿತು. ಅಲ್ಲಿ ಎಲ್ಲ ಬೈಕಿಗೂ ಮಿಶೆಲಿನ್ ಕಂಪನಿಯ ಟೈರು. ಒಣ ಟ್ರ್ಯಾಕಿಗೆ ಅವರು ಹಾಕುವ ಟೈರಿನಲ್ಲಿ ಒಂದೇ ಒಂದು ಗೀರು ಇರುವುದಿಲ್ಲ, ಪೂರಾ ನುಣುಪು. ಮಳೆ ಬಂದರೆ ಮಾತ್ರ ಗೀರಿನ ಟೈರು. ಅಂದರೆ ಗೀರು ಇರುವುದು ನೀರಿಗಾಗಿ. ರಸ್ತೆಗೂ ರಬ್ಬರಿಗೂ ನಡುವೆ ಸೇರುವ ನೀರು ಹರಿದು ಹೋಗಲು ಅದು ಕಾಲುವೆ. ತೋಟದಲ್ಲಿ ಬಸಿಗಾಲುವೆ ತೆಗೆಯುತ್ತೇವಲ್ಲ, ಅದೇ ಕೆಲಸ.

ಹಾಗಾದರೆ ಬೋಳು ಟೈರು ಒಳ್ಳೆಯದು ಅಂತ ಯಾರಾದರೂ ಹೇಳಿಬಿಟ್ಟೀರಿ! ರೇಸಿನ ನುಣುಪು ಟೈರು ಬೇರೆ, ಸವೆದು ಬೋಳಾದ ಟೈರು ಬೇರೆ. ರೇಸಿನದು ಬಹಳ ಮೆದು ರಬ್ಬರು. ಓಡುವ ಮೊದಲೇ ಅದಕ್ಕೆ ಕರೆಂಟಿನ ಕಂಬಳಿ ಸುತ್ತಿ ಸುಮಾರು 90 ಡಿಗ್ರಿಗೆ ಕಾಯಿಸುತ್ತಾರೆ. ಕಾದ ಮೇಲೆ ಅದು ನೆಲಕ್ಕೆ ಅಂಟಿಕೊಳ್ಳುತ್ತದೆ. ಒಂದು ರೇಸಿಗೆ, ನೂರು ಚಿಲ್ಲರೆ ಕಿಲೋಮೀಟರಿಗೆ ಅದರ ಕಥೆ ಮುಗಿಯಿತು. ಅಂಥ ರಬ್ಬರನ್ನು ನಾವು ತಂದು ಶಾಲೆಗೂ ಸೊಸೈಟಿಗೂ ಓಡಾಡಿದರೆ ಅದು ಯಾವತ್ತೂ ಕಾಯುವುದಿಲ್ಲ. ಕಾಯದ ರೇಸ್ ಟೈರು ಮಾಮೂಲಿ ಟೈರಿಗಿಂತ ಹೆಚ್ಚು ಜಾರುತ್ತದೆ.

ರಬ್ಬರಿನ ಮೆದು-ಗಟ್ಟಿ ವಿಷಯ ತಿಳಿಯಬೇಕಾದರೆ ಕಂಪಾಸ್ ಬಾಕ್ಸ್ ತೆರೆಯಿರಿ. ಹೊಸ ಮೆದು ರಬ್ಬರು ಪೆನ್ಸಿಲ್ ಗೆರೆಯನ್ನು ಚೆನ್ನಾಗಿ ಅಳಿಸುತ್ತದೆ, ಬೇಗ ಕರಗುತ್ತದೆ. ಗಟ್ಟಿ ರಬ್ಬರು ವರ್ಷವಿಡೀ ಬರುತ್ತದೆ, ಆದರೆ ಜಾರುತ್ತದೆ. ಟೈರೂ ಹೀಗೇ. ಮೆದುವಾದದ್ದು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯಾದದ್ದು ಬಹಳ ದಿನ ಬರುತ್ತದೆ, ಮಳೆಯಲ್ಲಿ ಜಾರುತ್ತದೆ. ಕೆಲವು ಕಂಪನಿಗಳು ನಡುವೆ ಗಟ್ಟಿ, ಎರಡೂ ಬದಿಯಲ್ಲಿ ಮೆದು ರಬ್ಬರು ಹಾಕಿ ಮಾಡುತ್ತವೆ. ನೆಟ್ಟಗೆ ಹೋಗುವಾಗ ಸವೆತ ಕಮ್ಮಿ, ವಾಲಿದಾಗ ಹಿಡಿತ. ರಬ್ಬರಿಗೆ ಸಿಲಿಕಾ ಬೆರೆಸಿದ ಟೈರೂ ಸಿಗುತ್ತದೆ, ಅದು ತಂಪು ಹವೆಯಲ್ಲೂ ಒದ್ದೆ ರಸ್ತೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಒದ್ದೆ ರಸ್ತೆಗೆ ಯಾವುದು ಒಳ್ಳೆಯದು?" "ರೇಸಿಂಗ್ ಟೈರು ಇದೆಯಾ?" ಅಲ್ಲ.

ಯಾಕೆಂದರೆ ನಮ್ಮ ರಸ್ತೆ ಎಂಥದು? ನಾವಿರುವುದು ತೀರ್ಥಹಳ್ಳಿ ತಾಲೂಕಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಜುಲೈ ತಿಂಗಳಲ್ಲಿ ಡಾಂಬರಿನ ಅಂಚಿಗೆ ಪಾಚಿ ಕಟ್ಟುತ್ತದೆ. ಬೇಸಿಗೆಯ ಮೊದಲ ಮಳೆ ಬಿದ್ದ ದಿನವಂತೂ ರಸ್ತೆಯ ಧೂಳು, ಎಣ್ಣೆ ಎಲ್ಲ ಸೇರಿ ಸಾಬೂನು ಹಚ್ಚಿದ ಹಾಗೆ ಇರುತ್ತದೆ. ಮುಖ್ಯ ರಸ್ತೆಯಿಂದ ಮನೆಗೆ ಬರುವ ಅರ್ಧ ಮೈಲಿ ಕೆಂಪು ಮಣ್ಣು. ಇಂಥ ಕಡೆ ನನ್ನ ಅಭಿಪ್ರಾಯ ಹೀಗೆ: ಸ್ಪೋರ್ಟ್ಸ್ ಬೈಕಿಗೆ ಸ್ಪೋರ್ಟ್ಸ್ ಎಂದು ಬರೆದ ಅತಿ ಮೆದು, ಗೀರು ಕಮ್ಮಿ ಇರುವ ಟೈರು ಬೇಡ. ಅದೇ ಅಳತೆಯಲ್ಲಿ ದೂರ ಪ್ರಯಾಣಕ್ಕೆಂದು ಮಾಡಿದ, ನಡುವಿನಿಂದ ಅಂಚಿನವರೆಗೆ ಕಾಲುವೆ ಆಳವಾಗಿರುವ ಟೈರು ಸಿಗುತ್ತದೆ. ಅದೇ ನಮಗೆ ಸರಿ. ಬೆಂಗಳೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ ಓಡಿಸುವವರ ಮಾತು ಬೇರೆ. ಇನ್ನು ಕೆಲವರು ಮಣ್ಣು ರಸ್ತೆಗೆಂದು ದೊಡ್ಡ ದೊಡ್ಡ ಗುಬಟಿನ ಟೈರು ಹಾಕಿಸುತ್ತಾರೆ. ಮಣ್ಣಿನಲ್ಲಿ ಅದು ಕಚ್ಚಿ ಹಿಡಿಯುವುದು ನಿಜ. ಆದರೆ ಒದ್ದೆ ಡಾಂಬರಿನ ಮೇಲೆ ಆ ಗುಬಟುಗಳಷ್ಟೇ ನೆಲ ಮುಟ್ಟುತ್ತವೆ. ಮನೆ ದಾರಿ ಅರ್ಧ ಮೈಲಿ, ಡಾಂಬರು ಮೂವತ್ತು ಮೈಲಿ. ಅರ್ಧ ಮೈಲಿಯನ್ನು ನಿಧಾನ ಬಂದರಾಯಿತು.

ಹಿಂದಿನ ಟೈರು ಮುಂದಿನದಕ್ಕಿಂತ ಬೇಗ ಸವೆಯುತ್ತದೆ, ಯಾಕೆಂದರೆ ಇಂಜಿನ್ ತಿರುಗಿಸುವುದು ಅದನ್ನೇ. ಹಾಗಾಗಿ ನಮ್ಮವರು ಹಿಂದಿನದನ್ನು ಎರಡು ಸಲ ಬದಲಿಸಿದರೂ ಮುಂದಿನದನ್ನು ಮುಟ್ಟುವುದಿಲ್ಲ. ಇದು ತಪ್ಪು ಲೆಕ್ಕ. ಬ್ರೇಕ್ ಹಿಡಿದಾಗ ಬೈಕಿನ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಆಗ ನಿಲ್ಲಿಸುವುದು ಮುಂದಿನ ಟೈರು. ಹಿಂದಿನ ಚಕ್ರ ಜಾರಿದರೆ ಬೈಕಿನ ಬಾಲ ಆಡುತ್ತದೆ, ಅನುಭವ ಇದ್ದವರು ಎಷ್ಟೋ ಸಲ ಸಂಭಾಳಿಸುತ್ತಾರೆ. ಮುಂದಿನದು ಜಾರಿದರೆ ಸಂಭಾಳಿಸಲು ಸಮಯವೇ ಇಲ್ಲ, ನೆಲಕ್ಕೇ. ಮೋರಿ ತಿರುವಿನಲ್ಲಿ ಆದದ್ದು ಅದೇ.

ಎಷ್ಟು ಸವೆದರೆ ಬದಲಿಸಬೇಕು? ಟೈರಿನ ಗೋಡೆಯ ಅಂಚಿನಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗೀರಿನೊಳಗೆ ನೋಡಿದರೆ ರಬ್ಬರಿನ ಸಣ್ಣ ದಿಬ್ಬ ಕಾಣುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗಿಯಿತು. ನಮ್ಮ ದೇಶದ ಕಾನೂನಿನಲ್ಲಿ ದ್ವಿಚಕ್ರ ವಾಹನಕ್ಕೆ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಮ್ಮಿ ಇರಬಾರದು. ಮಲೆನಾಡಿನವರು ಅಲ್ಲಿಯವರೆಗೂ ಕಾಯಬಾರದು ಎಂದು ನನಗನ್ನಿಸುತ್ತದೆ. ಮೇ ತಿಂಗಳಲ್ಲೇ ನೋಡಿ, ಮಳೆಗಾಲ ತಡೆಯುವುದಿಲ್ಲ ಅನ್ನಿಸಿದರೆ ಆಗಲೇ ಬದಲಿಸುವುದು ಒಳ್ಳೆಯದು. ಲಾರಿ ಟೈರಿನ ಹಾಗೆ ರೀಸೋಲ್ ಮಾಡಿಸುವುದು, ಬ್ಲೇಡಿನಲ್ಲಿ ಹೊಸ ಗೀರು ಕೊರೆಸುವುದು ಬೈಕಿಗೆ ಬೇಡವೇ ಬೇಡ.

ಹೊಸ ಟೈರು ಹಾಕಿಸಿದ ದಿನ ಹುಷಾರು. ಅಚ್ಚಿನಿಂದ ಬಂದ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ 150 ಕಿಲೋಮೀಟರ್ ಜೋರು ವಾಲಿಸಬಾರದು, ಜೋರು ಬ್ರೇಕೂ ಬೇಡ. ಟೈರಿನ ಪಕ್ಕದಲ್ಲಿ ಬಾಣದ ಗುರುತು ಇದ್ದರೆ ಚಕ್ರ ತಿರುಗುವ ದಿಕ್ಕಿಗೇ ಕೂರಿಸಿದ್ದಾರಾ ಅಂತ ನಿಂತು ನೋಡಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು. ದೂರದಿಂದ ಓಡಿಸಿಕೊಂಡು ಬಂದ ಕೂಡಲೇ ನೋಡಿದರೆ ಕಾವಿಗೆ ಗಾಳಿ ಹಿಗ್ಗಿ ಜಾಸ್ತಿ ತೋರಿಸುತ್ತದೆ. ಎಷ್ಟು ಹಾಕಬೇಕೆಂದು ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ.

ಕೊನೆಯದಾಗಿ ಟೈರಿನ ವಯಸ್ಸು. ಟೈರು ಓಡದೆ ಸುಮ್ಮನೆ ನಿಂತರೂ ಮುದಿಯಾಗುತ್ತದೆ. ಗಾಳಿ ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಹಳೇ ಕಂಪಾಸ್ ಬಾಕ್ಸಿನ ರಬ್ಬರು ಕಾಗದ ಹರಿಯುತ್ತದಲ್ಲ, ಹಾಗೆ. ಟೈರು ಯಾವಾಗ ತಯಾರಾಯಿತು ಎಂದು ಅದರ ಗೋಡೆಯಲ್ಲೇ ಅಚ್ಚಾಗಿರುತ್ತದೆ. ನಾಲ್ಕು ಅಂಕಿ ಇರುವ ಸಣ್ಣ ಚೌಕಟ್ಟು ಹುಡುಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ಎಂದರ್ಥ. ಐದು ವರ್ಷ ದಾಟಿದ ಟೈರನ್ನು ವರ್ಷ ವರ್ಷ ಪರೀಕ್ಷಿಸಬೇಕು, ಹತ್ತು ವರ್ಷ ಆದದ್ದನ್ನು ಗ್ರಿಪ್ಪು ಇದ್ದರೂ ತೆಗೆಯಬೇಕು ಎಂದು ಮಿಶೆಲಿನ್ ಕಂಪನಿ ಹೇಳುತ್ತದೆ. ಅಂಗಡಿಯವರು ರಿಯಾಯಿತಿ ಅಂತ ಕೊಡುವ ಟೈರಿನಲ್ಲಿ ಮೊದಲು ಈ ನಾಲ್ಕು ಅಂಕಿಯನ್ನು ಓದಿ, ಆಮೇಲೆ ರೇಟು ಕೇಳಿ.

ಇದನ್ನು ಬರೆಯುವ ಮೊದಲು ನಾವು ನಾಲ್ಕು ಜನ, ಅಪ್ಪಣೆ ಕೇಳಿಯೇ, ಶಾಲೆ ಅಂಗಳದಲ್ಲಿ ನಿಲ್ಲಿಸುವ ಐದು ಬೈಕುಗಳ ಟೈರು ಓದಿ ಬರೆದುಕೊಂಡೆವು. ಮೂರು ಚೆನ್ನಾಗಿವೆ. ಒಂದರಲ್ಲಿ ಹಿಂದಿನ ಟೈರನ್ನು ಬಾಣದ ಗುರುತಿಗೆ ಉಲ್ಟಾ ಕೂರಿಸಿದ್ದಾರೆ. ಗಣಿತ ಮೇಷ್ಟ್ರ ಬೈಕಿನ ಮುಂದಿನ ಟೈರಿನಲ್ಲಿ 4114 ಎಂದಿದೆ. ಲೆಕ್ಕ ಮಾಡಿ ಅವರಿಗೇ ತೋರಿಸಿದೆವು. ಸಂಬಳ ಆದ ಭಾನುವಾರ ಬದಲಿಸುತ್ತೇನೆ ಎಂದಿದ್ದಾರೆ.